ಚಿಗರಿಯ ಸ್ವಭಾವ, ರೈತನ ಮನಸ್ಸು: ರಾಣೆಬೆನ್ನೂರಿನ ಒಂದು ಪಾಠ



ಕಾಡುಪ್ರಾಣಿಗಳ ಮಾತು ಬಂದರೆ ನಮ್ಮ ಸದಸ್ಯರಲ್ಲಿ ಪ್ರತಿಯೊಬ್ಬರಿಗೂ ಹೇಳಲು ಏನಾದರೊಂದು ಇದ್ದೇ ಇರುತ್ತದೆ. ಕಾಫಿ ತೋಟದವರಿಗೆ ಆನೆ, ಕಾಡುಕೋಣ. ಅಡಿಕೆಯವರಿಗೆ ಮಂಗ, ಕಾಡುಹಂದಿ. ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತಿದರೆ ಐದೇ ನಿಮಿಷದಲ್ಲಿ ಯಾರು ಏನು ಹೇಳುತ್ತಿದ್ದಾರೆಂದು ತಿಳಿಯುವುದು ಕಷ್ಟವಾಗುತ್ತದೆ. ಆದಕಾರಣ ಈ ಸಂಚಿಕೆಯ ಪಾಠಕ್ಕೆ ನಮ್ಮ ತೋಟಗಳಿಗೆ ಬಾರದ ಪ್ರಾಣಿಯೊಂದನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ಸ್ವಂತ ನಷ್ಟದ ಸಿಟ್ಟಿಲ್ಲದೆ ನೋಡಿದರೆ ವಿಷಯ ತಿಳಿಯಾಗಿ ಕಂಡೀತು ಎಂಬುದು ನನ್ನ ಎಣಿಕೆ.

ಹಾವೇರಿ ಜಿಲ್ಲೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಅದರ ಪಶ್ಚಿಮಕ್ಕೆ, ಹಾನಗಲ್ಲಿನ ಕಡೆ, ಕೆರೆಗಳ ಕೆಳಗೆ ಅಡಿಕೆ, ಬಾಳೆ, ಭತ್ತ. ಪೂರ್ವಕ್ಕೆ ಹೊರಟು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ದಾಟಿ ರಾಣೆಬೆನ್ನೂರು ಸೇರುವಷ್ಟರಲ್ಲಿ ಮಲೆನಾಡಿನ ಅಂಚು ಮುಗಿದು ಹತ್ತಿ, ಗೋವಿನಜೋಳದ ಬಯಲು ಎದುರಾಗುತ್ತದೆ. ಈ ರಾಣೆಬೆನ್ನೂರಿನ ಬಗಲಿನಲ್ಲೇ 1974ರಲ್ಲಿ ಕೃಷ್ಣಮೃಗಗಳಿಗಾಗಿ ಒಂದು ಅಭಯಾರಣ್ಯ ಸ್ಥಾಪನೆಯಾಯಿತು. ವಿಸ್ತಾರ 119 ಚದರ ಕಿಲೋಮೀಟರು. ಪುಸ್ತಕದಲ್ಲಿ ಅದು ಕೃಷ್ಣಮೃಗ, ಊರವರ ಬಾಯಲ್ಲಿ ಚಿಗರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದರ ಹೆಸರಿದೆ. ಕೊಂದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ ಸೆರೆವಾಸ.

ನನ್ನ ಮಗಳನ್ನು ಕೊಟ್ಟ ಮನೆ ಆ ಕಡೆಯದು. ಕೆಲವು ವರ್ಷಗಳ ಹಿಂದೆ ಮುಂಗಾರು ಬಿತ್ತನೆ ಮುಗಿದ ಹೊಸತರಲ್ಲಿ ಬೀಗರ ಮನೆಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಬೀಗರು ಕಂಬಳಿ, ಬ್ಯಾಟರಿ, ಒಂದು ತಗಡಿನ ಡಬ್ಬಿ ಹಿಡಿದು ಹೊಲಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ನಸುಕಿನವರೆಗೆ ಡಬ್ಬಿ ಬಡಿದದ್ದೇ ಬಂತು. ಬ್ಯಾಟರಿ ಬಿಟ್ಟಾಗ ದೂರದಲ್ಲಿ ಹತ್ತಾರು ಜೋಡಿ ಕಣ್ಣುಗಳು ಮಿನುಗಿ, ಸರಿದು, ಇನ್ನೊಂದು ಬದುವಿನ ಹತ್ತಿರ ಮತ್ತೆ ಮಿನುಗುತ್ತಿದ್ದವು.

ಮರುದಿನ ಬೆಳಿಗ್ಗೆ ಕಾಲೇಜಿನ ಹುಡುಗನೊಬ್ಬ ಪ್ರಶ್ನೆಗಳ ಕಾಗದ ಹಿಡಿದು ಬಂದ. ಕೃಷ್ಣಮೃಗದ ಬಗ್ಗೆ ತಮ್ಮ ಅಭಿಪ್ರಾಯವೇನೆಂದು ಕೇಳಿದ. ಬೀಗರು, "ನೋಡಾಕ ಬಂಗಾರದಂಥಾ ಪ್ರಾಣಿ ಐತ್ರೀ, ಪಾಪದ್ದು, ಅದನ್ನ ಯಾಕ ಕೊಲ್ಲಬೇಕು" ಎಂದರು. ಹುಡುಗ ಬರೆದುಕೊಂಡ. ನಷ್ಟ ಎಷ್ಟು ಎಂದು ಕೇಳಿದ. "ಎಲ್ಲಾ ತಿಂದ್ ಹಾಕ್ಯಾವ್ರೀ, ಏನೂ ಉಳದಿಲ್ಲ. ಸರಕಾರದವ್ರು ಇವನ್ನೆಲ್ಲಾ ಒಂದ್ ಗಾಡ್ಯಾಗ ಹಾಕ್ಕೊಂಡ್ ಹೋಗಲಿ" ಎಂದರು. ಹುಡುಗ ಅದನ್ನೂ ಬರೆದುಕೊಂಡ. ಕೊನೆಗೆ, "ಹಾಗಾದರೆ ಪ್ರಾಣಿಯ ಪರವೋ ವಿರೋಧವೋ, ಯಾವುದಕ್ಕೆ ಗುರುತು ಹಾಕಲಿ?" ಎಂದು ಕೇಳಿದಾಗ ಬೀಗರು ನನ್ನ ಮುಖ ನೋಡಿದರು. ನಾನೂ ಏನೂ ಹೇಳಲಿಲ್ಲ.

ಅವನು ಹೋದ ಮೇಲೆ ಇಬ್ಬರೂ ಹೊಲ ಸುತ್ತಿದೆವು. ಎರಡೆಕರೆಯ ಗೋವಿನಜೋಳದಲ್ಲಿ ಹಳ್ಳದ ಕಡೆಯ ಎಂಟು ಸಾಲು ಪೂರ್ತಿ ಹೋಗಿತ್ತು, ನಡುವೆ ಅಲ್ಲಲ್ಲಿ ತುಳಿತ. ಉಳಿದ ಬೆಳೆ ಚೆನ್ನಾಗಿಯೇ ನಿಂತಿತ್ತು. ನಿದ್ದೆಗೆಟ್ಟವನಿಗೆ ಹೋದ ಎಂಟು ಸಾಲು ಮಾತ್ರ ಕಾಣುತ್ತದೆ. ಅದನ್ನು ತಪ್ಪೆನ್ನಲಾರೆ.

ಆ ಹುಡುಗನ ಕಾಗದದಲ್ಲಿ ಎರಡು ಶಾಸ್ತ್ರಗಳು ಬೆರೆತಿದ್ದವು. ಪ್ರಾಣಿ ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದು ಒಂದು. ಅದರ ಬಗ್ಗೆ ಜನ ಏನೆಂದುಕೊಂಡಿದ್ದಾರೆ ಎಂಬುದು ಇನ್ನೊಂದು. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ಎಣಿಸಿದಲ್ಲೆಲ್ಲ ಕೆಡುಕಾಗಿದೆ. ಮೊದಲು ಪ್ರಾಣಿಯನ್ನು ನೋಡೋಣ.

ಚಿಗರಿ ಮುಖ್ಯವಾಗಿ ಹುಲ್ಲು ಮೇಯುವ, ಮೆಲುಕು ಹಾಕುವ ಪ್ರಾಣಿ. ಬಲಿತ ಗಂಡು ಸುಮಾರು 30ರಿಂದ 40 ಕಿಲೋ ತೂಗುತ್ತದೆ. ಎಮ್ಮೆಯಂಥ ದೊಡ್ಡ ಪ್ರಾಣಿ ಒಣಹುಲ್ಲನ್ನೂ ಹೊಟ್ಟೆ ತುಂಬ ತುಂಬಿಕೊಂಡು ನಿಧಾನವಾಗಿ ಅರಗಿಸಿಕೊಳ್ಳಬಲ್ಲದು. ಸಣ್ಣ ಮೈಯ ಮೆಲುಕಿನ ಪ್ರಾಣಿಗೆ ಆ ಅನುಕೂಲವಿಲ್ಲ. ತಿನ್ನುವುದು ಕಡಿಮೆಯಾದರೂ ಅದು ಎಳೆಯದೂ ಸತ್ವವುಳ್ಳದ್ದೂ ಆಗಿರಬೇಕು. ಮೊದಲ ಮಳೆಗೆ ಎದ್ದ ಗೇಣುದ್ದದ ಪೈರಿಗೂ ಹೊಸ ಹುಲ್ಲಿಗೂ ಅದರ ಪಾಲಿಗೆ ವ್ಯತ್ಯಾಸವಿಲ್ಲ. ಹದವಾದ ಮಣ್ಣಿನಲ್ಲಿ ಗೊಬ್ಬರ ಉಂಡು ಬೆಳೆದ ಪೈರು ಬಹುಶಃ ಇನ್ನೂ ರುಚಿಯಾಗಿಯೇ ಇದ್ದೀತು.

ಇನ್ನು, ಇದು ಕಣ್ಣನ್ನೂ ಕಾಲನ್ನೂ ನಂಬಿ ಬದುಕುವ ಜೀವ. ಕಾಡಿನ ಜಿಂಕೆ ಪೊದೆಯಲ್ಲಿ ಅಡಗಿ ಉಳಿದೀತು. ಚಿಗರಿಯಾದರೋ ತೋಳವನ್ನು ದೂರದಿಂದಲೇ ಕಂಡು ಓಡಬೇಕು, ಆ ಓಟ ಗಂಟೆಗೆ 80 ಕಿಲೋಮೀಟರಿನವರೆಗೂ ಹೋಗುತ್ತದೆ. ಆದ್ದರಿಂದ ಅದಕ್ಕೆ ಕಣ್ಣಿಗೆ ಅಡ್ಡವಿಲ್ಲದ ನೆಲ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಕವಿತಾ ಈಶ್ವರನ್ ಅವರು ಬೇರೆ ಬೇರೆ ಕಡೆಯ ಚಿಗರಿ ಹಿಂಡುಗಳನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಬರಹದಲ್ಲಿ, ನೆಲ ತೆರೆದಷ್ಟೂ ಹಿಂಡು ದೊಡ್ಡದಾಗುತ್ತದೆಂದು ತೋರಿಸಿದ್ದಾರೆ. ರೈತರಿಗೆ ಇದರಿಂದ ಒಂದು ಉಪಯೋಗವಿದೆ. ಎದೆಯೆತ್ತರ ಬೆಳೆದ ಗೋವಿನಜೋಳದ ನಡುವೆ ಚಿಗರಿ ನೆಮ್ಮದಿಯಿಂದ ನಿಲ್ಲದು. ಅಪಾಯವಿರುವುದು ಬಿತ್ತಿದ ಮೊದಲ ಕೆಲವು ವಾರಗಳಲ್ಲಿ. ಕಾವಲಿನ ಶಕ್ತಿಯನ್ನು ಇಡೀ ಹಂಗಾಮಿಗೆ ಹಂಚುವುದಕ್ಕಿಂತ ಆ ವಾರಗಳಿಗೆ ಮೀಸಲಿಟ್ಟರೆ ಫಲ ಹೆಚ್ಚು.

ಬೇಲಿಯ ವಿಷಯದಲ್ಲೂ ಒಂದು ಮಾತು. ಅಷ್ಟೆತ್ತರ ನೆಗೆಯುವ ಪ್ರಾಣಿ ಬೇಲಿಯನ್ನು ಹಾರಿ ಬರುತ್ತದೆಂದು ಎಣಿಸಿ ಮೇಲಿನ ತಂತಿಗೆ ಹಣ ಸುರಿಯುವವರಿದ್ದಾರೆ. ಅಮೆರಿಕದ ಟೆಕ್ಸಾಸಿಗೆ ಇವೇ ಮೃಗಗಳನ್ನು ಕೊಂಡೊಯ್ದು ದೊಡ್ಡ ಹುಲ್ಲುಗಾವಲುಗಳಲ್ಲಿ ಸಾಕಿದ್ದಾರೆ. ಅಲ್ಲಿಯವರ ಅನುಭವದಂತೆ, ಹಾರಬಲ್ಲದಾದರೂ ಚಿಗರಿ ಸಾಮಾನ್ಯವಾಗಿ ತಂತಿಯ ಕೆಳಗೆ ನುಸುಳುವುದನ್ನೇ ಮೆಚ್ಚುತ್ತದೆ. ಕೆಳಗಿನ ತಂತಿ ಬಿಗಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಗಂಡು ಚಿಗರಿಯ ನಡವಳಿಕೆ ಇನ್ನೂ ಸ್ವಾರಸ್ಯವಾದುದು. ಬೆದೆಯ ಕಾಲದಲ್ಲಿ ಅದು ಒಂದು ತುಂಡು ನೆಲವನ್ನು ತನ್ನದೆಂದು ಹಿಡಿದು, ಬೇರೆ ಗಂಡುಗಳನ್ನು ಓಡಿಸುತ್ತ, ಗೊತ್ತಾದ ಜಾಗದಲ್ಲೇ ದಿನವೂ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಗುಜರಾತಿನ ವೇಳಾವದರದಲ್ಲಿ ಇಂತಹ ಹಲವಾರು ಗಂಡುಗಳು ಒಂದೇ ಬಯಲಿನಲ್ಲಿ ಒತ್ತೊತ್ತಾಗಿ ನೆಲೆ ಹಿಡಿದು ನಿಲ್ಲುತ್ತವೆ, ಹೆಣ್ಣುಗಳು ಅಲ್ಲಿಗೆ ಬಂದು ಹೋಗುತ್ತವೆ. ಚಿಗರಿಗಳು ಬಳ್ಳಾರಿ ಜಾಲಿಯ ಸಿಹಿ ಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ, ಬೀಜ ಹಿಕ್ಕೆಯಲ್ಲಿ ಹಾಗೆಯೇ ಹೊರಬರುತ್ತದೆ. ಆ ಗಂಡುಗಳ ನೆಲೆಗಳಲ್ಲಿ ಜಾಲಿಯ ಬೀಜ ಹೆಚ್ಚಾಗಿ ಬಂದು ಬೀಳುವುದನ್ನು ಶಿವಾನಿ ಜಡೇಜ, ಸೌಮ್ಯ ಪ್ರಸಾದ್, ಸುಹೇಲ್ ಕ್ವಾಡರ್ ಮತ್ತು ಕವಿತಾ ಈಶ್ವರನ್ 2013ರಲ್ಲಿ ಬರೆದು ತೋರಿಸಿದರು. ಹೀಗೆ ಮದುವೆಯ ಸಡಗರದಲ್ಲಿ ಚಿಗರಿ ತನ್ನ ಹುಲ್ಲುಗಾವಲಿಗೆ ತಾನೇ ಮುಳ್ಳು ಬಿತ್ತುತ್ತದೆ. ಆ ಜಾಲಿಯನ್ನು ಹೊರಗಿನಿಂದ ತಂದವರು ನಾವು ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು.

ಹೆಣ್ಣು ಸುಮಾರು ಆರು ತಿಂಗಳು ಗರ್ಭ ಹೊತ್ತು ಒಂದು ಮರಿ ಹಾಕುತ್ತದೆ. ಮೊದಲ ದಿನಗಳಲ್ಲಿ ಮರಿ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ, ತಾಯಿ ದೂರ ಮೇಯುತ್ತಿರುತ್ತದೆ. ಅನಾಥವೆಂದು ಎತ್ತಿಕೊಂಡು ಹೋಗುವುದು ದಯೆಯಿಂದಲೇ ಆದರೂ ಮರಿಗೆ ಅದರಿಂದ ಕೇಡೇ ಆಗುತ್ತದೆ.

ಇಂತಹ ಸ್ವಭಾವದ ಪ್ರಾಣಿಗೆ ಬೇಕಾದದ್ದು ಹುಲ್ಲಿನ ಬಯಲು. ಆದರೆ ಹುಲ್ಲಿನ ಬಯಲೆಂದರೆ ನಮ್ಮ ಲೆಕ್ಕದಲ್ಲಿ ಬಹುಕಾಲದಿಂದ ಬೀಳು ನೆಲ. ಮರವಿದ್ದರೆ ಕಾಡು, ಇಲ್ಲದಿದ್ದರೆ ಬರಡು. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಬಹುಭಾಗ ನೀಲಗಿರಿಯ ನೆಡುತೋಪಾಯಿತು. ಚಿಗರಿಗೆ ಅಲ್ಲಿ ಮರೆ ಸಿಕ್ಕಿತು, ಕಾನೂನಿನ ರಕ್ಷಣೆ ಸಿಕ್ಕಿತು, ಸಂಖ್ಯೆ ಸಾವಿರಗಟ್ಟಲೆಗೆ ಏರಿತು. ನೀಲಗಿರಿಯ ಕೆಳಗೆ ಹುಲ್ಲು ವಿರಳ. ಆದ್ದರಿಂದ ಮೇವು ಸಿಕ್ಕಿದ್ದು ಸುತ್ತಲಿನ ಹೊಲಗಳಲ್ಲಿ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಪ್ರದೇಶದ ಹಕ್ಕಿಗಳನ್ನು ಶ್ರದ್ಧೆಯಿಂದ ಗುರುತಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. (ಬೆಂಗಳೂರಿನ ರಸ್ತೆಗಳಿಗೆ 1980ರ ದಶಕದಲ್ಲಿ ಲಕ್ಷಗಟ್ಟಲೆ ಮರ ನೆಡಿಸಿದವರೂ ಇವರೇ.) ಅವರ ಕಾಲದಲ್ಲಿ ರಾಣೆಬೆನ್ನೂರಿನಲ್ಲಿ ಎರೆಭೂತ ಹಕ್ಕಿ ಇತ್ತು. ಸುಮಾರು ಒಂದು ಮೀಟರು ಎತ್ತರದ, ಗಂಡು 15 ಕಿಲೋವರೆಗೂ ತೂಗಬಲ್ಲ, ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿ. ಮಿಡತೆ, ದುಂಬಿಗಳನ್ನು ಹೆಕ್ಕಿ ತಿನ್ನುತ್ತ ನಡೆಯುವ ಇದು ರೈತನಿಗೆ ಮಿತ್ರನೇ. ಮರ ಹಬ್ಬಿದ ನೆಲ ಅದಕ್ಕೆ ಆಗಿಬರುವುದಿಲ್ಲ. ಈಗ ರಾಣೆಬೆನ್ನೂರಿನಲ್ಲಿ ಎರೆಭೂತವಿಲ್ಲ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ಇನ್ನು ಜನರ ಮನಸ್ಸಿನ ಅಧ್ಯಯನಕ್ಕೆ ಬರೋಣ. ಇದನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸ್ಟೀಫನ್ ಕೆಲರ್ಟ್ ಮುಖ್ಯರು. 1978ರಲ್ಲಿ ಅವರು 3,107 ಜನರನ್ನು ಕೂರಿಸಿ ಪ್ರಶ್ನೆ ಕೇಳಿದರು. ಜನರು ಪ್ರಾಣಿಗಳ ಪರ ಅಥವಾ ವಿರೋಧ ಎಂಬ ಎರಡೇ ಗುಂಪಾಗಿ ಒಡೆಯುವುದಿಲ್ಲವೆಂದು ಕಂಡು, ಮನೋಭಾವಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಚೆಲುವನ್ನು ಮೆಚ್ಚುವುದು ಒಂದು, ಹಿಂಸೆ ಪಾಪವೆಂಬ ಭಾವನೆ ಒಂದು, ಲಾಭನಷ್ಟದ ದೃಷ್ಟಿ ಒಂದು, ಭಯ ಮತ್ತು ಹೇಸಿಗೆ ಒಂದು, ಹೀಗೆ. ಒಬ್ಬನಲ್ಲೇ ಹಲವು ಬಗೆಗಳು ಒಟ್ಟಿಗೆ ಇರಬಲ್ಲವು. ನಮ್ಮ ಬೀಗರು "ಬಂಗಾರದಂಥಾ ಪ್ರಾಣಿ", "ಪಾಪದ್ದು", "ಎಲ್ಲಾ ತಿಂದ್ ಹಾಕ್ಯಾವು" ಎಂದು ಒಂದೇ ಉಸಿರಿನಲ್ಲಿ ಮೂರು ಬಗೆಗಳನ್ನು ಹೇಳಿದ್ದರು. ಪಾಪ, ಹುಡುಗನ ಕಾಗದದಲ್ಲಿ ಇದ್ದದ್ದು ಎರಡೇ ಚೌಕ.

ಹೇಳಿದ ನಷ್ಟಕ್ಕೂ ಅಳೆದ ನಷ್ಟಕ್ಕೂ ಇರುವ ಅಂತರ ಈ ಅಧ್ಯಯನಗಳ ಇನ್ನೊಂದು ದೊಡ್ಡ ವಿಷಯ. ಆಫ್ರಿಕದ ಉಗಾಂಡದಲ್ಲಿ ಕಿಬಾಲೆ ಎಂಬ ಕಾಡಿನ ಸುತ್ತ ಲಿಸಾ ನಾಟನ್-ಟ್ರೀವ್ಸ್ ಎಂಬ ವಿದ್ವಾಂಸೆ ಹೊಲಗಳನ್ನು ಸ್ವತಃ ಅಳೆದು 1998ರಲ್ಲಿ ವರದಿ ಮಾಡಿದರು. ನಷ್ಟವೆಲ್ಲ ಬಹುಪಾಲು ಕಾಡಂಚಿನಿಂದ ಸುಮಾರು 200 ಮೀಟರಿನೊಳಗಿನ ಹೊಲಗಳ ಮೇಲೆಯೇ ಬಿದ್ದಿತ್ತು. ಮಂಗ ಮುಂತಾದವು ಬಾರಿಬಾರಿಗೂ ಬಂದು ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದವು. ಆನೆ ಬರುವುದು ಅಪರೂಪ, ಬಂದ ರಾತ್ರಿ ಮಾತ್ರ ಒಂದು ಸಂಸಾರದ ವರ್ಷದ ಅನ್ನವೇ ಹೋಗುತ್ತಿತ್ತು. ಊರಿನ ಸರಾಸರಿ ತೆಗೆದರೆ ನಷ್ಟ ಅಲ್ಪ. ಅಂಚಿನ ಮನೆಯವನಿಗೆ ಸರಾಸರಿಯಿಂದ ಏನು ಪ್ರಯೋಜನ? ಸರಾಸರಿಯನ್ನು ತೋರಿಸಿ "ರೈತರು ಸುಮ್ಮನೆ ಕೂಗಾಡುತ್ತಾರೆ" ಎನ್ನುವ ಅಧಿಕಾರಿಗೂ, ತನ್ನ ಅಂಚಿನ ಹೊಲ ತೋರಿಸಿ "ಊರೆಲ್ಲ ಹಾಳಾಯಿತು" ಎನ್ನುವ ರೈತನಿಗೂ ಈ ವರದಿಯಲ್ಲಿ ಉತ್ತರವಿದೆ.

ನಮ್ಮ ಪಶ್ಚಿಮಘಟ್ಟದ ರಕ್ಷಿತಾರಣ್ಯಗಳ ಸುತ್ತಲಿನ ಸುಮಾರು ಎರಡು ಸಾವಿರ ಮನೆಗಳಲ್ಲಿ ವಿಚಾರಿಸಿ ಕೃತಿ ಕಾರಂತ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಪಾಲು ಮನೆಗಳು ಬೆಳೆನಷ್ಟವನ್ನು ಹೇಳಿಕೊಂಡಿದ್ದವು. ದನಕರುಗಳ ನಷ್ಟ ಅದಕ್ಕಿಂತ ಬಹಳ ಕಡಿಮೆ. ಪರಿಹಾರ ಪಡೆದವರು ನಷ್ಟವಾದವರಲ್ಲಿ ಸಣ್ಣ ಪಾಲು. ಅರ್ಜಿ ಹಾಕುವ ಕೆಲಸವೇ ಜನರಿಗೆ ಬೆಟ್ಟದಂತೆ ಕಂಡದ್ದರಿಂದ, 2015ರಲ್ಲಿ ಬಂಡೀಪುರ ಮತ್ತು ನಾಗರಹೊಳೆಯ ಸುತ್ತ "ವೈಲ್ಡ್ ಸೇವೆ" ಎಂಬ ಹೆಸರಿನಲ್ಲಿ, ದೂರವಾಣಿ ಮಾಡಿದರೆ ಬಂದು ಅರ್ಜಿ ಬರೆದು ಕೊಡುವ ಏರ್ಪಾಡನ್ನು ಅವರ ಸಂಸ್ಥೆಯೇ ಆರಂಭಿಸಿತು.

ಪ್ರಾಣಿಯ ಲೆಕ್ಕ ನೋಡಿ ಜನರ ಲೆಕ್ಕ ಮರೆತರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಆಂಧ್ರದ ಕರ್ನೂಲು ಸೀಮೆಯ ರೊಳ್ಳಪಾಡು ಸಾಕ್ಷಿ. ಎರೆಭೂತವನ್ನು ಉಳಿಸಲೆಂದು 1988ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಹುಲ್ಲು ಕಾದಿಟ್ಟದ್ದರಿಂದ ಹಕ್ಕಿಯ ಜೊತೆಗೆ ಚಿಗರಿಯೂ ಹೆಚ್ಚಿತು, ಸುತ್ತಲಿನ ಹೊಲಕ್ಕೆ ನುಗ್ಗಿತು. ರಂಜಿತ್ ಮನಕಾಡನ್ ಮತ್ತು ಅಸದ್ ರಹಮಾನಿ ಆ ಬೆಳೆನಷ್ಟವನ್ನು 1998ರಲ್ಲಿ ದಾಖಲಿಸಿದ್ದಾರೆ. ರೈತರ ಕೋಪ ಚಿಗರಿಯ ಮೇಲೆ ಮಾತ್ರ ನಿಲ್ಲದೆ ಅಭಯಾರಣ್ಯದ ಮೇಲೆಯೇ ತಿರುಗಿತು. ಆ ನಷ್ಟಕ್ಕೆ ಕಾರಣವಲ್ಲದ ಹಕ್ಕಿ ಆ ಕೋಪದ ನಡುವೆ ಸಿಕ್ಕಿಕೊಂಡಿತು. ಮಧ್ಯಪ್ರದೇಶದ ಕರೇರಾದಲ್ಲೂ ಇದೇ ಕಥೆ. ಅಲ್ಲಿ ಅಭಯಾರಣ್ಯದೊಳಗೆ ಖಾಸಗಿ ಜಮೀನುಗಳೂ ಸೇರಿ, ಮಾರಲು ಕೊಳ್ಳಲು ಅಡ್ಡಿಯಾಯಿತು. ಎರೆಭೂತ ಅಲ್ಲಿಂದ ಪೂರ್ತಿ ಅಳಿಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಒಡಿಶಾದ ಗಂಜಾಂ ಜಿಲ್ಲೆಯ ಭೇಟನೈ ಕಡೆಯ ಹಳ್ಳಿಗರು ಚಿಗರಿ ಹೊಲಕ್ಕೆ ಬಂದರೆ ಶುಭವೆಂದು ನಂಬಿ ತಾವೇ ಅದನ್ನು ಕಾಯುತ್ತಾರೆ. ಪ್ರಾಣಿ ಅದೇ, ಅದರ ಹಸಿವೂ ಅದೇ. ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೂ ನವಿಲುಧಾಮವಿದೆ. (ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ ಇನ್ನೊಂದು ಬಂಕಾಪುರವಿದ್ದು, ಅದು ತೋಳಗಳ ಧಾಮ. ಹೆಸರು ಕೇಳಿ ಹೊರಡುವವರು ವಿಚಾರಿಸಿ ಹೊರಡುವುದು ಲೇಸು.) ನವಿಲು ಬಿತ್ತಿದ ಕಾಳನ್ನು ಹೆಕ್ಕುವುದನ್ನು ಕಾಣದ ರೈತನಿಲ್ಲ. ಆದರೂ ನವಿಲನ್ನು ಬೈಯುವವನ ದನಿ, ಹಂದಿಯನ್ನು ಬೈಯುವ ದನಿಯಷ್ಟು ಗಟ್ಟಿಯಾಗಿರುವುದಿಲ್ಲ. 1963ರಲ್ಲಿ ರಾಷ್ಟ್ರಪಕ್ಷಿಯನ್ನು ಆರಿಸುವಾಗ ಪಕ್ಷಿತಜ್ಞ ಸಲೀಂ ಅಲಿಯವರ ಒಲವು ಎರೆಭೂತದ ಕಡೆಗಿತ್ತು. ಗೆದ್ದದ್ದು ಎಲ್ಲರಿಗೂ ಗೊತ್ತಿದ್ದ ನವಿಲು.

ನಮ್ಮ ತೋಟಗಳಿಗೆ ಇದರ ಸಂಬಂಧವೇನೆಂದು ಕೇಳಬಹುದು. ಸಂಶೋಧಕರು ನಮ್ಮಲ್ಲಿಗೂ ಬಂದಿದ್ದಾರೆ, ಮುಂದೆಯೂ ಬರುತ್ತಾರೆ. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಸುಭಾಷ್ ಚಂದ್ರನ್ ಮತ್ತು ಇಬ್ಬರು ಅಮೆರಿಕದ ವಿದ್ವಾಂಸರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಪ್ರದೇಶದ ಕಾಡಿನ ಹಕ್ಕಿಗಳ ಜಾತಿಗಳಲ್ಲಿ ಶೇಕಡಾ 90ರಷ್ಟು ಅಡಿಕೆ ತೋಟ ಮತ್ತು ಸೊಪ್ಪಿನಬೆಟ್ಟ ಸೇರಿದ ಸೀಮೆಯಲ್ಲಿ ಸಿಗುತ್ತವೆ. ಎರಡು ಸಾವಿರ ವರ್ಷಗಳಿಂದ ಸಾಗುವಳಿಯಾದ ನೆಲದ ಮಾತಿದು. ಇದನ್ನು ಓದಿ ಹೆಮ್ಮೆಪಟ್ಟರೆ ತಪ್ಪಿಲ್ಲ, ಆದರೆ ಅದರಲ್ಲಿ ಸೊಪ್ಪಿನಬೆಟ್ಟದ ಪಾಲು ದೊಡ್ಡದೆಂಬುದನ್ನು ಬಿಟ್ಟು ಓದಬಾರದು. ಬೆಟ್ಟ ಬೋಳಾದ ಮೇಲೆ ತೋಟವೊಂದೇ ಅಷ್ಟು ಹಕ್ಕಿಗಳನ್ನು ಹಿಡಿದಿಡಲಾರದು.

ಇನ್ನು ಪ್ರಶ್ನೆ ಕೇಳಲು ಬಂದವರಿಗೆ ಉತ್ತರ ಹೇಗೆ ಕೊಡಬೇಕು? ನನ್ನ ಬೀಗರಿಗೆ ಮುಂದೆ ಆದದ್ದನ್ನು ಹೇಳಿದರೆ ಸಾಕು. ಆ ವರ್ಷ ಅವರು ಒಂದು ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟರು. "ಎರಡೆಕರೆ ಸಂಪೂರ್ಣ ನಾಶ" ಎಂದು ಬರೆಸಿದ್ದರು. ಮಹಜರಿಗೆ ಬಂದವರು ನೋಡಿದ್ದು ಎದೆಮಟ್ಟ ನಿಂತ ಬೆಳೆಯನ್ನು. ಎಂಟು ಸಾಲಿನ ನಿಜವಾದ ನಷ್ಟವೂ ಆ ಒಂದು ಶಬ್ದದಿಂದಾಗಿ ಸುಳ್ಳಿನ ಲೆಕ್ಕಕ್ಕೆ ಹೋಯಿತು, ಅರ್ಜಿ ವಜಾ ಆಯಿತು. ಬರುವುದಕ್ಕೆ ಅವರೂ ತಡಮಾಡಿದ್ದರು ಎಂಬುದು ಬೇರೆ ಮಾತು. ಬೀಗರು ತಿಂಗಳುಗಟ್ಟಲೆ ಕುದಿದರು. ಆ ಕುದಿತದಲ್ಲಿ ಮೊದಲಿನ "ಪಾಪದ್ದು" ಎಂಬ ಮಾತು ಕ್ರಮೇಣ ಕಾಣೆಯಾದದ್ದನ್ನು ನಾನೇ ಕೇಳಿದ್ದೇನೆ. ಜನರ ಮನೋಭಾವ ಹೇಗೆ ಬದಲಾಗುತ್ತದೆಂಬುದನ್ನು ತಿಳಿಯಲು ನಾನು ಯೇಲ್‌ವರೆಗೆ ಹೋಗಬೇಕಾಗಲಿಲ್ಲ.

ಮರುವರ್ಷ ನಾನೇ ಕುಳಿತು ಅವರಿಗೊಂದು ರೂಢಿ ಹಾಕಿಕೊಟ್ಟೆ. ನಮ್ಮ ಸದಸ್ಯರೂ ಹಾಗೆಯೇ ಮಾಡಬಹುದು. ಒಂದು ನೋಟುಬುಕ್ಕಿನಲ್ಲಿ ತಾರೀಖು, ಬಂದ ಪ್ರಾಣಿ, ಕಣ್ಣಾರೆ ಕಂಡದ್ದೋ ಹೆಜ್ಜೆ ಹಿಕ್ಕೆಯಿಂದ ಊಹಿಸಿದ್ದೋ ಎಂಬುದು, ಹೋದ ಗಿಡ ಅಥವಾ ಸಾಲುಗಳ ಎಣಿಕೆ, ತೋಟದ ಯಾವ ಮಗ್ಗುಲು, ಇಷ್ಟನ್ನು ಆ ದಿನವೇ ಬರೆಯಬೇಕು. ಫೋನಿನಲ್ಲಿ ಎರಡು ಚಿತ್ರ ತೆಗೆಯಬೇಕು: ನಷ್ಟವಾದ ಜಾಗದ್ದು ಒಂದು, ಗುರುತಿಗೆ ಮರವೋ ಬಾವಿಯೋ ಕಾಣುವಂತೆ ದೂರದಿಂದ ಒಂದು. ಏನೂ ಬಾರದ ವಾರಗಳನ್ನೂ "ಬಂದಿಲ್ಲ" ಎಂದು ಬರೆಯಬೇಕು. ಇದನ್ನು ಹೇಳಿದಾಗ ಬೀಗರು ನಕ್ಕರು. ಬಾರದ್ದನ್ನು ಬರೆದ ಪುಸ್ತಕದಲ್ಲಿ ಬಂದದ್ದನ್ನೂ ಜನ ನಂಬುತ್ತಾರೆ ಎಂದೆ. ಮನಸ್ಸಿನ ಬಗ್ಗೆ ಕೇಳಿದಾಗ ಪರ, ವಿರೋಧ ಎಂಬ ಚೌಕಕ್ಕೆ ಒಪ್ಪದೆ, ಇರುವ ಎರಡು ಮೂರು ಮಾತನ್ನೂ ಹೇಳಿ, ಹಾಗೆಯೇ ಬರೆದುಕೊಳ್ಳಿರೆಂದು ಕೇಳಬೇಕು. ವರದಿಯಾದ ಮೇಲೆ ಒಂದು ಪ್ರತಿಯನ್ನು ಸಂಘಕ್ಕೆ ಕಳಿಸಿರೆಂದು ಕೇಳುವ ಹಕ್ಕೂ ನಮಗಿದೆ. ನಮ್ಮ ಅಂಗಳದಲ್ಲಿ ಕೂತು ಬರೆದುಕೊಂಡ ಮಾತಲ್ಲವೇ?

ಈ ಸಲದ ಮುಂಗಾರಿನಲ್ಲಿ ಬೀಗರ ಹೊಲದಲ್ಲಿ ಐದು ಸಾಲು ಹೋಯಿತು. ಅರ್ಜಿಯಲ್ಲಿ ಐದು ಸಾಲೆಂದೇ ಬರೆದು, ನಕ್ಷೆ, ಚಿತ್ರ, ನೋಟುಬುಕ್ಕಿನ ಪ್ರತಿ ಲಗತ್ತಿಸಿ ಕೊಟ್ಟಿದ್ದಾರೆ. ಮಹಜರಿಗೆ ಬಂದವರು ಸಾಲು ಎಣಿಸಿ ಐದೇ ಎಂದು ಸಹಿ ಹಾಕಿ ಹೋಗಿದ್ದಾರೆ. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಹಣ ಕೈಸೇರಿಲ್ಲ. ಅರ್ಜಿ ವಜಾ ಆಗಿಯೂ ಬಂದಿಲ್ಲ.